ಹಬೆ, ಹಿತ್ತಾಳೆ, ಬಿದರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಾನು ಕಂಪ್ಯೂಟರಿನೊಳಗೆ ಕಟ್ಟಿದ ಒಂದು ಪುಟ್ಟ ರೈಲ್ವೆ ಸ್ಟೇಷನ್ ಬಗ್ಗೆ ಬರೆದಿದ್ದೆ. 'ಸೆಕೆಂಡ್ ಲೈಫ್' ಅನ್ನೋ ಆನ್‌ಲೈನ್ ಲೋಕದಲ್ಲಿ ವಾಡಿ ಜಂಕ್ಷನ್ ಥರದ ಒಂದು ಪ್ಲಾಟ್‌ಫಾರ್ಮ್, ಶಹಾಬಾದಿನ ಪರ್ಸಿ ಕಲ್ಲಿನ ನೆಲ, ಒಂದು ಉಗಿಬಂಡಿ. ಅದರ ಚಿತ್ರವೂ ಅಚ್ಚಾಗಿತ್ತು. ಬರಹದಲ್ಲಿ 'ಸ್ಟೀಮ್‌ಪಂಕ್' ಅನ್ನೋ ಮಾತು ನಾಲ್ಕೈದು ಸಲ ಬಂದಿತ್ತು. ಅದನ್ನು ಹಿಡಿದು ಬಂದ ಕಾಗದ, ಮೆಸೇಜ್ ನೋಡಿ ತುಂಬ ಖುಷಿಯಾಯಿತು. ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ಟೀಮ್‌ಪಂಕ್ ಅಂದರೆ ಏನು ಮೇಡಂ? ಹುಡುಕಿದರೆ ಹಲ್ಲಿನ ಚಕ್ರ ಅಂಟಿಸಿದ ಟೋಪಿ, ದೊಡ್ಡ ಕನ್ನಡಕ ಇವೇ ಕಾಣುತ್ತವೆ. ಇದು ಬರೀ ವೇಷವಾ?
— ಡಿಪ್ಲೊಮಾ ವಿದ್ಯಾರ್ಥಿ, ಯಾದಗಿರಿ

ಪೆಟ್ರೋಲು, ಕಂಪ್ಯೂಟರ್ ಚಿಪ್ ಬರದೆ ಹಬೆಯೇ ದೊಡ್ಡ ಶಕ್ತಿಯಾಗಿ ಉಳಿದಿದ್ದರೆ ಲೋಕ ಹೇಗಿರುತ್ತಿತ್ತು? ಈ ಪ್ರಶ್ನೆ ಹಿಡಿದು ಕಟ್ಟುವ ಕತೆ, ವೇಷ, ವಸ್ತುಗಳೇ ಸ್ಟೀಮ್‌ಪಂಕ್. ಕಾಲ ಹೆಚ್ಚಾಗಿ ವಿಕ್ಟೋರಿಯಾ ರಾಣಿಯದು, ಅಂದರೆ 1837ರಿಂದ 1901. ಹೆಸರು ಮಾತ್ರ ಹೊಸದು. ಕೆ. ಡಬ್ಲ್ಯು. ಜೀಟರ್ ಅನ್ನೋ ಅಮೆರಿಕದ ಲೇಖಕರು 1987ರಲ್ಲಿ 'ಲೋಕಸ್' ಪತ್ರಿಕೆಗೆ ಬರೆದ ಕಾಗದದಲ್ಲಿ ಈ ಪದ ಬಳಸಿದರು. ಆಗ 'ಸೈಬರ್‌ಪಂಕ್' ಅನ್ನೋ, ಕಂಪ್ಯೂಟರ್ ಆಳುವ ನಾಳಿನ ಲೋಕದ ಕತೆಗಳ ಅಲೆ ಇತ್ತು. ಅದಕ್ಕೆ ಜೊತೆಯಾಗಿ ಹುಟ್ಟಿದ ಹೆಸರಿದು.

ಇದು ಪೂರ್ತಿ ಗಾಳಿಗೋಪುರವಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ ಹಲ್ಲಿನ ಚಕ್ರಗಳಿಂದಲೇ ಲೆಕ್ಕ ಮಾಡುವ ಯಂತ್ರದ ನಕ್ಷೆ ಬರೆದಿಟ್ಟ. ಬದುಕಿದ್ದಾಗ ಅದನ್ನು ಪೂರ್ತಿ ಕಟ್ಟಲು ಆಗಲಿಲ್ಲ. 1871ರಲ್ಲಿ ತೀರಿಕೊಂಡ. ಅವನು ಹುಟ್ಟಿ ಇನ್ನೂರು ವರ್ಷ ತುಂಬಿದ 1991ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಅವನ ಎರಡನೇ 'ಡಿಫರೆನ್ಸ್ ಎಂಜಿನ್' ನಕ್ಷೆ ಹಿಡಿದು ಯಂತ್ರ ಕಟ್ಟಿದರು. ಅದು ಸರಿಯಾಗಿ ಲೆಕ್ಕ ಮಾಡಿತು! ವಿಲಿಯಂ ಗಿಬ್ಸನ್, ಬ್ರೂಸ್ ಸ್ಟರ್ಲಿಂಗ್ ಜೋಡಿ 1990ರಲ್ಲಿ ಇದೇ ಯಂತ್ರದ ಹೆಸರಿನ ಕಾದಂಬರಿ ಬರೆದಿತ್ತು. ಬ್ಯಾಬೇಜ್ ಗೆದ್ದಿದ್ದರೆ 1855ರ ಲಂಡನ್ ಹೇಗಿರುತ್ತಿತ್ತು ಅನ್ನೋದು ಅದರ ಕತೆ.

ಆ 1871ನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಲ್ಲಿ ಕೂಡಿದವು. ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿ ಎಲ್ಲಾ ಆ ದಾರಿಯಲ್ಲೇ ಇವೆ. ಹಬೆಯ ಕಾಲ ನಿಮ್ಮೂರಿನ ಮೇಲೇ ಹಾದುಹೋಗಿದೆ, ಅಲ್ವಾ?

ಇನ್ನು ಹಲ್ಲಿನ ಚಕ್ರದ ವಿಷಯ. ನನ್ನ ಅಪ್ಪ ವಾಡಿಯಿಂದ ಹೊರಡುವ ಗೂಡ್ಸ್ ಗಾಡಿಗಳಲ್ಲಿ ಫೈರ್‌ಮನ್ ಆಗಿದ್ದರು, ಅಂದರೆ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು. ಚಿಕ್ಕವಳಿದ್ದಾಗ ಎಷ್ಟೋ ಸಲ ಎಂಜಿನ್ ಹತ್ತಿರದಿಂದ ನೋಡಿದ್ದೇನೆ. ಉಗಿಬಂಡಿಯ ಚಕ್ರ ತಿರುಗಿಸೋದು ಹಲ್ಲಿನ ಚಕ್ರವಲ್ಲ, ಉದ್ದ ಉದ್ದ ರಾಡುಗಳು. ಸಿಲಿಂಡರಿನಲ್ಲಿ ಪಿಸ್ಟನ್ ಹಿಂದೆ ಮುಂದೆ ಹೋಗುತ್ತದೆ, ರಾಡು ಅದನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಹಲ್ಲಿನ ಚಕ್ರ ಗಡಿಯಾರಕ್ಕೆ, ಗಿರಣಿಗೆ, ಬ್ಯಾಬೇಜನ ಯಂತ್ರಕ್ಕೆ ಸೇರಿದ್ದು. ಆ ಕನ್ನಡಕವೂ ಅಷ್ಟೇ, ಶೋಕಿಗಲ್ಲ. ಓಡುವ ಗಾಡಿಯಿಂದ ತಲೆ ಹೊರಗೆ ಹಾಕಿ ಸಿಗ್ನಲ್ ನೋಡುವಾಗ ಕಿಡಿ, ಕಲ್ಲಿದ್ದಲ ಕಣ ಕಣ್ಣಿಗೆ ಬೀಳುತ್ತಿದ್ದವು. ಅಪ್ಪನ ಕನ್ನಡಕದ ಅಂಚಿಗೆ ಅವ್ವ ಹಳೇ ಧೋತರದ ಬಟ್ಟೆ ಹೊಲಿದಿದ್ದಳು, ಲೋಹ ಕಾದು ಕೆನ್ನೆ ಸುಡಬಾರದು ಅಂತ. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಬಟ್ಟೆಯಲ್ಲಿ ಇನ್ನೂ ಮಸಿ ಇದೆ.

ಹಾಗಾಗಿ ನನ್ನ ಉತ್ತರ ಇಷ್ಟು. ಒಂದು ಚಕ್ರ ಅಂಟಿಸುವ ಮುಂಚೆ ಇದು ಏನನ್ನು ತಿರುಗಿಸುತ್ತದೆ ಅಂತ ಕೇಳಿಕೊಳ್ಳಿ. ಉತ್ತರ ಇದ್ದರೆ ಸ್ಟೀಮ್‌ಪಂಕ್, ಇಲ್ಲದಿದ್ದರೆ ಬರೀ ವೇಷ.

ನನಗೂ ಆ ಲೋಕಕ್ಕೆ ಹೋಗಬೇಕು. ದುಡ್ಡು ಬೇಕಾ? ನನ್ನ ಹತ್ತಿರ ಇರೋದು ಅಣ್ಣನ ಹಳೇ ಲ್ಯಾಪ್‌ಟಾಪ್.
— ಬಿ.ಎ. ವಿದ್ಯಾರ್ಥಿನಿ, ಸುರಪುರ

ಒಳಗೆ ಹೋಗೋಕೆ, ತಿರುಗಾಡೋಕೆ, ಮಾತಾಡೋಕೆ ದುಡ್ಡು ಬೇಡ. ಸೆಕೆಂಡ್ ಲೈಫ್ 2003ರಲ್ಲಿ ಶುರುವಾಯಿತು. ಗೆಲ್ಲೋದು, ಸೋಲೋದು ಇರುವ ಆಟವಲ್ಲ. ಅಲ್ಲಿ ನಮ್ಮ ಬದಲು ಓಡಾಡುವ ಗೊಂಬೆಗೆ ಅವತಾರ್ ಅನ್ನುತ್ತಾರೆ. ಅಲ್ಲಿ ಕಾಣುವ ಮನೆ, ಅಂಗಿ, ಮರಗಳಲ್ಲಿ ಬಹುಪಾಲು ಅಲ್ಲಿಗೆ ಬರುವ ಜನರೇ ಮಾಡಿದ್ದು. ಹೊಸಬರಿಗೆ ನಾನು ಹೇಳೋದು ಎರಡು ಜಾಗ. ಕ್ಯಾಲಿಡನ್ ಅನ್ನೋ ವಿಕ್ಟೋರಿಯನ್ ಕಾಲದ ನಾಡು, ನ್ಯೂ ಬ್ಯಾಬೇಜ್ ಅನ್ನೋ ಹೊಗೆ ತುಂಬಿದ ಊರು. ಎರಡನೆಯದರ ಹೆಸರು ಯಾರದು ಅಂತ ಈಗ ನಿಮಗೆ ಗೊತ್ತು. ಕ್ಯಾಲಿಡನ್‌ನಲ್ಲಿ ಹೊಸಬರಿಗೆ ನಡೆಯೋದು, ಬಟ್ಟೆ ಬದಲಿಸೋದು ಕಲಿಸುವ ಆಕ್ಸ್‌ಬ್ರಿಜ್ ಅನ್ನೋ ಶಾಲೆಯೂ ಇದೆ.

ಹಳೇ ಲ್ಯಾಪ್‌ಟಾಪ್ ಆದರೆ ದೃಶ್ಯದ ದೂರ ಕಡಿಮೆ ಮಾಡಿ, ನೆರಳು ಆಫ್ ಮಾಡಿ. ನಿಮ್ಮದೇ ಚಿತ್ರ ಏರಿಸುವಾಗ ಮಾತ್ರ ಖರ್ಚಿದೆ, ಅದು ಅಲ್ಲಿನ ದುಡ್ಡಾದ ಲಿಂಡನ್ ಡಾಲರ್ ಹತ್ತರಿಂದ ಶುರುವಾಗುತ್ತದೆ, ನಮ್ಮ ಲೆಕ್ಕದಲ್ಲಿ ಮೂರ್ನಾಲ್ಕು ರೂಪಾಯಿ. ಅದೂ ಬೇಡ ಅಂದರೆ ಅಂಥದ್ದೇ ಲೋಕವನ್ನು ನಾವೇ ನಡೆಸುವ 'ಓಪನ್ ಸಿಮ್ಯುಲೇಟರ್' ಅನ್ನೋ ಸಾಫ್ಟ್‌ವೇರ್ ಇದೆ. ಅದು ಉಚಿತ. ನಿಮ್ಮ ಲ್ಯಾಪ್‌ಟಾಪಿನಲ್ಲೇ 256 ಮೀಟರ್ ಉದ್ದ, 256 ಮೀಟರ್ ಅಗಲದ ಖಾಲಿ ಜಮೀನು ಸಿಗುತ್ತದೆ. ಕಟ್ಟಿ, ಕೆಡವಿ, ಯಾರೂ ಕೇಳೋದಿಲ್ಲ.

ಜಮೀನು ಬಾಡಿಗೆಗೆ ಮಾತ್ರ ಅವಸರ ಮಾಡಬೇಡಿ. ನನ್ನ ಮೊದಲ ಸ್ಟೇಷನ್ ಒಂದು ಊರಲ್ಲಿ ಬಾಡಿಗೆ ಜಾಗದಲ್ಲಿತ್ತು. ಕಾರ್ಡಿನ ಅವಧಿ ಮುಗಿದದ್ದು ನನಗೆ ತಿಳಿಯಲಿಲ್ಲ. ಬಾಡಿಗೆ ಹೋಗಲಿಲ್ಲ. ಒಂದು ದಿನ ಹೋಗಿ ನೋಡಿದರೆ ಬರೀ ಹುಲ್ಲು. ನಾಲ್ಕು ತಿಂಗಳು ಕಟ್ಟಿದ್ದೆಲ್ಲಾ ಮಡಚಿ ನನ್ನ ಚೀಲದ 'ಲಾಸ್ಟ್ ಅಂಡ್ ಫೌಂಡ್' ಫೋಲ್ಡರಿಗೆ ಬಂದು ಬಿದ್ದಿತ್ತು. ಸಾಮಾನು ಉಳಿಯಿತು, ಆದರೆ ಯಾವ ಕಲ್ಲು ಎಲ್ಲಿತ್ತು ಅನ್ನೋದು ಹೋಯಿತು. ಆ ರಾತ್ರಿ ನಿಜವಾಗಿಯೂ ಅತ್ತೆ. ಕಟ್ಟಿದ್ದನ್ನೆಲ್ಲಾ ಒಂದಕ್ಕೊಂದು ಜೋಡಿಸಿ ಒಂದೇ ಗಂಟು ಮಾಡಿ, ಒಂದು ಪ್ರತಿ ಎತ್ತಿಡಿ.

ನಾವು ತಲೆತಲಾಂತರದಿಂದ ಬಿದರಿ ಕೆಲಸದವರು. ಅಪ್ಪ ಬರೆಯುವ ಹೂಬಳ್ಳಿಯನ್ನು ಅವತಾರ್‌ನ ಕೈಗಡಿಯಾರ, ಕನ್ನಡಕದ ಮೇಲೆ ಹಾಕಬೇಕು ಅಂತ ಆಸೆ. ಎಷ್ಟು ಮಾಡಿದರೂ ಅದು ಪ್ಲಾಸ್ಟಿಕ್ ಥರ ಕಾಣುತ್ತದೆ. ಏನು ತಪ್ಪು ಮಾಡ್ತಿದ್ದೇನೆ?
— ಓದುಗಿ, ಬೀದರ

ನಿಮ್ಮ ಕಾಗದವನ್ನು ನಾನು ಮೂರು ಸಲ ಓದಿದೆ. ಹಿತ್ತಾಳೆ, ತಾಮ್ರ, ಕಂದು ಚರ್ಮ, ಸ್ಟೀಮ್‌ಪಂಕ್ ಲೋಕದಲ್ಲಿ ಎಲ್ಲಿ ನೋಡಿದರೂ ಇವೇ ಮೂರು. ಕಪ್ಪು ಬೆಳ್ಳಿಯ ಬಿದರಿ ಅಲ್ಲಿಗೆ ಬಂದರೆ ಎಷ್ಟು ಚೆಂದ! ಅದು ಆ ಕಾಲಕ್ಕೆ ಹೊರಗಿನದೂ ಅಲ್ಲ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಲೋಕದ ಯಂತ್ರಗಳನ್ನೆಲ್ಲಾ ಗುಡ್ಡೆ ಹಾಕಿದ ದೊಡ್ಡ ಪ್ರದರ್ಶನ ನಡೆಯಿತಲ್ಲ, ಅಲ್ಲಿ ಬಿದರಿ ಸಾಮಾನೂ ಇತ್ತು. ಉಗಿಯಂತ್ರ ಮತ್ತು ಬಿದರಿ ಒಂದೇ ಸೂರಿನ ಕೆಳಗೆ ಕೂತಿದ್ದವು.

ಈಗ ಪ್ಲಾಸ್ಟಿಕ್ ಸಮಸ್ಯೆ. ನೀವು ಕಳಿಸಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ಕಪ್ಪೂ ಹೊಳೆಯುತ್ತಿದೆ, ಬೆಳ್ಳಿಯೂ ಹೊಳೆಯುತ್ತಿದೆ. ತಪ್ಪು ಅಲ್ಲೇ ಇದೆ. ನಿಮ್ಮ ಅಪ್ಪನ ಕೈಕೆಲಸ ನೆನಪಿಸಿಕೊಳ್ಳಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡುತ್ತಾರೆ. ಗೀರು ಕಾಣಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಮೇಲೆ ಮೊಳೆಯಂಥ ಕಲಮಿನಿಂದ ಬಳ್ಳಿ ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಎಲ್ಲ ಮುಗಿದ ಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮೈಗೆ ತಿಕ್ಕುತ್ತಾರೆ. ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಂದರೆ ಬಿದರಿಯ ಕಪ್ಪು ಬಣ್ಣ ಬಳಿದದ್ದಲ್ಲ. ಅದು ಲೋಹದ ಮೇಲೆ ಕೂತ ತೆಳ್ಳನೆ ಪದರ, ಮಖಮಲ್ಲಿನ ಥರ ಬೆಳಕು ಹೀರುತ್ತದೆ. ಬೆಳ್ಳಿ ಬೆಳಕು ವಾಪಸ್ ಕೊಡುತ್ತದೆ. ಬಿದರಿ ಅಂದರೆ ಇವೆರಡರ ಜಗಳ.

ಕಂಪ್ಯೂಟರಿಗೂ ಇದನ್ನೇ ಹೇಳಬೇಕು. ವಸ್ತುವಿನ ಮೈ ಹೇಗೆ ಕಾಣಬೇಕು ಅನ್ನೋ ಲೆಕ್ಕಕ್ಕೆ ಅಲ್ಲಿ ಮೆಟೀರಿಯಲ್ ಅನ್ನುತ್ತಾರೆ. ಈಗಿನ ಮೆಟೀರಿಯಲ್‌ಗಳಲ್ಲಿ ಬಣ್ಣದ ಚಿತ್ರ ಬೇರೆ, 'ರಫ್‌ನೆಸ್', 'ಮೆಟಾಲಿಕ್' ಚಿತ್ರ ಬೇರೆ. ನೀವು ಬಣ್ಣದ ಚಿತ್ರ ಒಂದನ್ನೇ ಕೊಟ್ಟು ಮೈಪೂರ್ತಿ ಒಂದೇ ಹೊಳಪು ಇಟ್ಟಿದ್ದೀರಿ. ಬಳ್ಳಿಯ ಅದೇ ರೇಖೆಗಳನ್ನು ಎರಡನೇ ಚಿತ್ರಕ್ಕೂ ನಕಲು ಮಾಡಿ. ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಿಗೆ ಚಾನೆಲ್ ಅನ್ನುತ್ತಾರೆ. ಆ ಎರಡನೇ ಚಿತ್ರದ ಹಸಿರು ಚಾನೆಲ್ಲಿನಲ್ಲಿ ಒರಟುತನ ಇರುತ್ತದೆ, ನೀಲಿಯಲ್ಲಿ ಲೋಹತನ. ಬೆಳ್ಳಿ ಇರುವಲ್ಲಿ ಹಸಿರು ತೀರಾ ಕಡಿಮೆ, ನೀಲಿ ಪೂರ್ತಿ. ಕಪ್ಪು ಇರುವಲ್ಲಿ ಹಸಿರು ಜಾಸ್ತಿ, ನೀಲಿ ಸೊನ್ನೆ ಹತ್ತಿರ. ಕಪ್ಪಿಗೆ ಶಾಯಿಯಂಥ ಕಡುಕಪ್ಪು ಹಾಕಬೇಡಿ, ಕೆತ್ತನೆಯ ಅಂಚೇ ಕಾಣೋದಿಲ್ಲ. ಬಾಣಲೆ ತಳದ ಬೂದುಗಪ್ಪು ಸಾಕು. ನಾನು ಒಂದು ಹೂಜಿಗೆ ಹಾಗೆ ಮಾಡಿ ನೋಡಿದೆ. ದೀಪದ ಸುತ್ತ ಹೂಜಿ ತಿರುಗಿಸಿದಾಗ ಬಳ್ಳಿ ಮಾತ್ರ ಮಿಂಚಿ ಮಿಂಚಿ ಆರಿತು. ನನ್ನ ಮೈ ಜುಮ್ಮೆಂದಿತು.

ಇನ್ನೊಂದು ಮಾತು. ನಿಮ್ಮ ರೇಖೆಗಳು ಅಳತೆಪಟ್ಟಿ ಇಟ್ಟ ಹಾಗಿವೆ. ಅಪ್ಪ ಕೈಯಲ್ಲೇ ಬರೆಯೋದು, ಅಲ್ವಾ? ಎಡದ ಎಲೆ, ಬಲದ ಎಲೆ ಒಂದೇ ಥರ ಇರೋದಿಲ್ಲ. ಅರ್ಧ ಬಳ್ಳಿ ಬರೆದು ಕನ್ನಡಿ ಹಿಡಿದ ಹಾಗೆ ತಿರುಗಿಸಬೇಡಿ. ಪೂರ್ತಿ ಬರೆಯಿರಿ. ಅಪ್ಪನ ಒಂದು ತಟ್ಟೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಅದನ್ನೇ ಸ್ಕ್ಯಾನ್ ಮಾಡಿದರೂ ನಡೆಯುತ್ತದೆ.

ಮಾರಬೇಕು ಅನಿಸಿದರೆ ನಕಲು, ತಿದ್ದುಪಡಿ, ವರ್ಗಾವಣೆ ಈ ಮೂರು ಅನುಮತಿಗಳನ್ನು ನೋಡಿ ಹಾಕಿ. ಬಿದರಿಗೆ 2006ರಿಂದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಹಾಗಾಗಿ ವಸ್ತುವಿನ ವಿವರದಲ್ಲಿ ಇದು ಬೀದರದ ಕೈಕೆಲಸ ನೋಡಿ ಮಾಡಿದ ಮಾದರಿ ಅಂತ ಸ್ಪಷ್ಟವಾಗಿ ಬರೆಯಿರಿ. ವಿನ್ಯಾಸ ಅಪ್ಪನದು, ಅವರ ಹೆಸರೂ ಇರಲಿ. ಅವರನ್ನು ಕೇಳದೆ ಮಾತ್ರ ಏರಿಸಬೇಡಿ.

ಮಗ ರಾತ್ರಿ ಎರಡು ಗಂಟೆವರೆಗೂ ಇಂಥದ್ದೇ ಲೋಕದಲ್ಲಿ ಇರುತ್ತಾನೆ. ಈಗ ಹತ್ತನೇ ಕ್ಲಾಸು. ಬಿಡಿಸೋದು ಹೇಗೆ?
— ತಾಯಿ, ಕಲಬುರಗಿ

ಹದಿನೆಂಟು ತುಂಬದವರು ಹೋಗಬಾರದ ಜಾಗಗಳು ಇಂಥ ಲೋಕಗಳಲ್ಲಿ ಇರುತ್ತವೆ. ಮೊದಲು ಅವನು ಯಾವ ಲೋಕದಲ್ಲಿ, ಎಷ್ಟು ವಯಸ್ಸು ಹಾಕಿ ಖಾತೆ ತೆರೆದಿದ್ದಾನೆ ಕೇಳಿ. ಪಕ್ಕ ಕೂತು ಏನು ಕಟ್ಟಿದ್ದೀಯಾ, ತೋರಿಸು ಅನ್ನಿ. ಕಟ್ಟುತ್ತಿದ್ದರೆ ಭಾನುವಾರ ಹಗಲು ಎರಡು ಗಂಟೆ ಕೊಡಿ, ವಸ್ತುಗಳ 3ಡಿ ಮಾದರಿ ಕಟ್ಟುವ ಬ್ಲೆಂಡರ್ ಅನ್ನೋ ಸಾಫ್ಟ್‌ವೇರ್ ಕಲಿಯಲಿ, ಅದೂ ಉಚಿತ. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ನಿಮ್ಮ ಕೋಣೆಯಲ್ಲಿರಲಿ. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ.

ವಿಕ್ಟೋರಿಯಾ ಕಾಲ ಅಂದರೆ ನಮ್ಮ ಗುಲಾಮಗಿರಿಯ ಕಾಲ. ಅದನ್ನು ಚೆಂದ ಮಾಡಿ ತೋರಿಸೋದು, ಆ ದೊರೆಗಳ ವೇಷ ಹಾಕೋದು ಸರಿಯೇ?
— ಇತಿಹಾಸ ಅಧ್ಯಾಪಕರು, ಕಲಬುರಗಿ

ಸರ್, ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. 1877ರ ಜನವರಿ 1ರಂದು ದಿಲ್ಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಅಂತ ಸಾರಿದರು. ಅದೇ ಹೊತ್ತಿಗೆ ಮದ್ರಾಸ್, ಮೈಸೂರು, ಮುಂಬೈ ಸೀಮೆ, ಹೈದರಾಬಾದ್ ಸೀಮೆ ಎಲ್ಲಾ ಕಡೆ ಬರ. 1876ರಿಂದ 78ರ ಆ ಬರದಲ್ಲಿ ಲಕ್ಷ ಲಕ್ಷ ಜನ ಸತ್ತರು. ಹಿತ್ತಾಳೆಯ ಹೊಳಪಿನಲ್ಲಿ ಅದು ಮರೆಯಾಗಬಾರದು. ಅದಕ್ಕೇ ಲಂಡನ್ನಿನ ನಕಲು ಮಾಡೋದು ನನಗೆ ಒಗ್ಗೋದಿಲ್ಲ.

ಆದರೆ ಆ ಕಾಲವನ್ನೇ ಬಿಟ್ಟುಬಿಡಿ ಅಂದರೆ ಒಪ್ಪಲಾರೆ. ಅದು ನಮ್ಮ ಕಾಲವೂ ಹೌದು. ನಮ್ಮ ಭಾಗ ಆಗ ನಿಜಾಮರ ಸೀಮೆ. ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದದ್ದು 1874ರಲ್ಲಿ, ಅದಕ್ಕೆ ಹಣ ಕೊಟ್ಟದ್ದು ನಿಜಾಮರು. ಹಾಗಾದರೆ ನಮ್ಮ ಸ್ಟೇಷನ್ ಮಾಸ್ತರನಿಗೆ ಟಾಪ್ ಹ್ಯಾಟ್ ಯಾಕೆ ಬೇಕು? ಶೇರ್ವಾನಿ, ರೂಮಿ ಟೋಪಿ ಹಾಕಿಸಿ. ಹೆಂಗಸರಿಗೆ ಕಾರ್ಸೆಟ್ ಬಿಗಿಯೋದು ಬೇಡ, ಇಳಕಲ್ ಸೀರೆ ಕಚ್ಚೆ ಹಾಕಿ ಉಡಲಿ. ಎಂಜಿನ್ ಹತ್ತಿ ಇಳಿಯೋಕೆ ಅದೇ ಸಲೀಸು. ನನ್ನ ಅವತಾರ್ ಹಾಗೇ ಉಡುತ್ತಾಳೆ, ಕೊರಳಲ್ಲಿ ಅಪ್ಪನ ಕನ್ನಡಕ. ಪ್ಲಾಟ್‌ಫಾರ್ಮಿನ ಆಚೆ ಶಹಾಬಾದಿನ ಕಲ್ಲು ಒಡೆಯುವವರನ್ನೂ ಇಟ್ಟಿದ್ದೇನೆ. ಆ ನೆಲ ಹಾಸಿದ್ದು ಅವರ ಕೈ.

ಕತೆಗಳ ವಿಷಯಕ್ಕೆ ಬಂದರೆ, ನಾವು ಹೊರಗಿನವರಲ್ಲ ಅನ್ನೋದಕ್ಕೆ ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್ ಸಾಕ್ಷಿ. ಅವನ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊ ಯಾರು? ಆಮೇಲೆ ಬಂದ ಇನ್ನೊಂದು ಕಾದಂಬರಿಯಲ್ಲಿ ಅದು ಬಯಲಾಗುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಬ್ರಿಟಿಷರ ಮೇಲೆ ಎದ್ದು ಎಲ್ಲವನ್ನೂ ಕಳೆದುಕೊಂಡವನು. ಟಿಪ್ಪು ಸುಲ್ತಾನನ ಬಂಧು ಅಂತಲೂ ವರ್ನ್ ಬರೆದಿದ್ದಾನೆ. ಸ್ಟೀಮ್‌ಪಂಕ್ ಜನ ಮನೆದೇವರಂತೆ ಕಾಣುವ ಆ ಹಡಗಿನ ಒಡೆಯ ನಮ್ಮ ದೇಶದವನು. 1880ರಲ್ಲಿ ಅದೇ ವರ್ನ್ ಭಾರತದ ರಸ್ತೆಗಳ ಮೇಲೆ ಹಬೆಯಿಂದ ನಡೆಯುವ ಉಕ್ಕಿನ ಆನೆಯನ್ನೂ ಓಡಿಸಿದ. ಹಿಂದೆ ಚಕ್ರದ ಮೇಲಿನ ಎರಡು ಬಂಗಲೆ ಎಳೆಯುವ ಆನೆ! ಆದರೆ ಬಂಗಲೆಯೊಳಗೆ ಕೂತವರು ಮತ್ತೆ ಯುರೋಪಿನವರೇ. ಆ ಆನೆಯ ಹೊಟ್ಟೆಗೆ ಕಲ್ಲಿದ್ದಲು ಹಾಕಿದವನ ಕಣ್ಣಿಂದ ಒಬ್ಬರು ಕನ್ನಡದಲ್ಲಿ ಕತೆ ಬರೆದರೆ ಹೇಗಿರುತ್ತದೆ?

ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ ಸರ್. ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಅಲ್ಲಿದ್ದ. ಅವನು ಅಧಿಕಾರಿ, ಜೊತೆಗೆ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ವಿಕ್ಟೋರಿಯನ್ ಕಾದಂಬರಿಕಾರ. ಜೇವರ್ಗಿ ಕಡೆಯ ಹಳೇ ಕಲ್ಗೋರಿಗಳನ್ನು ಅಗೆದು ಬರೆದವನೂ ಅವನೇ. ಬಾಲಕ ರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವವರೆಗೆ ಸುರಪುರ ಸಂಸ್ಥಾನವನ್ನು ಟೇಲರನೇ ನೋಡಿಕೊಂಡ. ಅದೇ ಹುಡುಗ ಮುಂದೆ ಬ್ರಿಟಿಷರ ಮೇಲೆ ಎದ್ದ, ಸೆರೆಯಾದ, 1858ರಲ್ಲಿ ತೀರಿಕೊಂಡ. ಆ ಹುಡುಗನ ಕೈಗೆ ಒಂದು ಹಬೆಯಂತ್ರ ಸಿಕ್ಕಿದ್ದರೆ? ಈ ಒಂದು ಪ್ರಶ್ನೆಗೆ ಇಡೀ ಕಾದಂಬರಿ ಬೇಕು. ನಿಮ್ಮ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿ.

ಸ್ಟೀಮ್‌ಪಂಕ್ ಕತೆಗೆ ಕನ್ನಡದಲ್ಲಿ ಪದಗಳೇ ಇಲ್ಲ ಅನಿಸುತ್ತದೆ. ಏನು ಮಾಡೋದು?
— ಕತೆ ಬರೆಯುವವರು, ಹುಮನಾಬಾದ

ಇವೆ. ನಿಘಂಟಿನಲ್ಲಿ ಹುಡುಕಬೇಡಿ, ಕೆಲಸ ಮಾಡಿದವರ ಬಾಯಲ್ಲಿ ಹುಡುಕಿ. ಅಪ್ಪನ ಬಾಯಲ್ಲಿ ಬಾಯ್ಲರ್, ಇಂಜೆಕ್ಟರ್, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಎಲ್ಲಾ ಕನ್ನಡವೇ ಆಗಿದ್ದವು. 'ಗಾಜಿನ್ಯಾಗ ನೀರು ಇಳೀತು' ಅಂದರೆ ಮನೆಯಲ್ಲಿ ನಾವೆಲ್ಲಾ ಉಸಿರು ಹಿಡಿದು ಕೇಳುತ್ತಿದ್ದೆವು. ಬಾಯ್ಲರಿನ ನೀರು ತೀರಾ ಇಳಿದರೆ ಬೆಂಕಿಗೂಡಿನ ನೆತ್ತಿ ಬರಿದಾಗಿ ಕಾಯುತ್ತದೆ, ಅಲ್ಲಿ ಕೂರಿಸಿದ ಸೀಸದ ಬಿರಡೆ ಕರಗುತ್ತದೆ, ಹಬೆ ನುಗ್ಗಿ ಬೆಂಕಿ ಮೇಲೆ ಬೀಳುತ್ತದೆ. ಆ ಒಂದು ವಾಕ್ಯದಲ್ಲಿ ಇಷ್ಟು ಭಯ ಇತ್ತು. ಹಬೆ, ಕಾವು, ಕೆಂಡ, ಅರ, ಉಳಿ, ಎರಕ, ಬೆಸುಗೆ, ತಿದಿ, ಕುಲುಮೆ. ಒಂದು ದಿನ ಕಮ್ಮಾರಸಾಲೆಯಲ್ಲಿ ಕೂತು ಬನ್ನಿ, ನೋಟ್‌ಬುಕ್ ಸಾಲೋದಿಲ್ಲ.

ನಿಮ್ಮ ಉಗಿಬಂಡಿಯ ಚಿತ್ರ ನೋಡಿದೆ. ಚಂದ ಆಗಿದೆ. ಆದರೆ ಎಡಗಡೆ ರಾಡು, ಬಲಗಡೆ ರಾಡು ಎರಡೂ ಒಂದೇ ಜಾಗದಲ್ಲಿವೆ. ಇಂಥ ಗಾಡಿ ನಿಂತರೆ ಹೊರಡೋದಿಲ್ಲ ತಂಗಿ.
— ನಿವೃತ್ತ ಡ್ರೈವರ್, ವಾಡಿ

ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಉಳಿದ ಓದುಗರಿಗೆ ಬಿಡಿಸಿ ಹೇಳುತ್ತೇನೆ. ಪಿಸ್ಟನ್ ಒಂದು ತುದಿ ಮುಟ್ಟಿದಾಗ ರಾಡು, ಚಕ್ರದ ನಡು ಎಲ್ಲಾ ಒಂದೇ ಗೆರೆಗೆ ಬರುತ್ತವೆ. ಆಗ ಹಬೆ ಎಷ್ಟು ದೂಡಿದರೂ ಚಕ್ರ ತಿರುಗೋದಿಲ್ಲ. ಎರಡೂ ಕಡೆ ಒಟ್ಟಿಗೆ ಹಾಗಾದರೆ ಗಾಡಿ ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ರಾಡನ್ನು ಚಕ್ರಕ್ಕೆ ಸೇರಿಸುವ ಒಂದು ಕಡೆಯ ಪಿನ್ನು ಇನ್ನೊಂದು ಕಡೆಗಿಂತ ಕಾಲು ಸುತ್ತು ಮುಂದಿರುತ್ತದೆ. ಒಂದು ಕಡೆ ಸೋತಾಗ ಇನ್ನೊಂದು ಕಡೆ ಪೂರ್ತಿ ಬಲದಲ್ಲಿರುತ್ತದೆ. ನಾನು ಬಲಗಡೆ ಕಟ್ಟಿ, ಅದನ್ನೇ ನಕಲು ಮಾಡಿ ಎಡಕ್ಕೆ ಅಂಟಿಸಿದ್ದೆ. ಮೂರು ವರ್ಷದಿಂದ ಅದು ಹಾಗೇ ಇತ್ತು, ಆ ಲೋಕದಲ್ಲಿ ಒಬ್ಬರೂ ಹೇಳಿರಲಿಲ್ಲ.

ನಿಮ್ಮ ಕಾಗದ ಬಂದ ರಾತ್ರಿಯೇ ಕೂತು ಬಿಚ್ಚಿದೆ. ಎಡಗಡೆಯ ನಾಲ್ಕು ಚಕ್ರಗಳನ್ನೂ ತೊಂಬತ್ತು ಡಿಗ್ರಿ ತಿರುಗಿಸಿದೆ, ರಾಡುಗಳನ್ನು ಮತ್ತೆ ಜೋಡಿಸಿದೆ, ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬದಲಿಸಿದೆ. ಓಡಿಸಿದಾಗ ನಡಿಗೆಯೇ ಬೇರೆಯಾಗಿತ್ತು. ಒಂದು ಕಡೆ ಏಳುವಾಗ ಇನ್ನೊಂದು ಕಡೆ ಚಾಚುತ್ತದೆ. ಅಪ್ಪನ ಎಂಜಿನ್ ವಾಡಿಯಿಂದ ಹೊರಡುವಾಗ ಹಾಗೇ ತೊನೆಯುತ್ತಿತ್ತು. ಸದ್ದು ಇನ್ನೂ ಸರಿಯಿಲ್ಲ. ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಹಬೆ ಉಸಿರಬೇಕು, ನನ್ನದು ಎರಡೇ ಸಲ ಉಸಿರುತ್ತಿದೆ. ಮುಂದಿನ ಭಾನುವಾರ ಲ್ಯಾಪ್‌ಟಾಪ್ ತಗೊಂಡು ವಾಡಿಗೆ ಬರುತ್ತೇನೆ. ನೀವು ಬಾಯಲ್ಲಿ ಆ ಸದ್ದು ಮಾಡಿ ತೋರಿಸಿ, ರೆಕಾರ್ಡ್ ಮಾಡಿಕೊಳ್ಳುತ್ತೇನೆ.